ಕೈಯಲ್ಲೊಂದು ಭಾಷೆ, ಹಾಳೆ ಮೇಲೆ ಕನ್ನಡ

ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಕಿವುಡ ಮಕ್ಕಳ ಮನೆಗೆ ಹೋದಾಗಲೆಲ್ಲ ಕಾಫಿ ಲೋಟದ ಜೊತೆಗೇ ಬರುವ ಪ್ರಶ್ನೆ ಒಂದಿದೆ. ‘ಮೇಡಂ, ಇವನಿಗೆ ಮಾತು ಯಾವಾಗ ಬತ್ತದೆ?’

ನಾನು ಇರುವುದು ಮೈಸೂರಿನಲ್ಲಿ. ಕೆಲಸ ಮಂಡ್ಯ ಜಿಲ್ಲೆಯ ಶಾಲೆಗಳಲ್ಲಿ, ಕಿವುಡ ಮಕ್ಕಳಿಗೆ ಪಾಠ ಹೇಳುವ ಸ್ಪೆಷಲ್ ಟೀಚರ್ ಆಗಿ. ಈ ಪ್ರಶ್ನೆಗೆ ಉತ್ತರ ಸುಮಾರಾಗಿ ಹೇಳಬಹುದು. ಮಗುವಿಗೆ ಎಷ್ಟು ಕೇಳಿಸುತ್ತೆ, ಕಿವಿಗೆ ಹಾಕುವ ಮಿಷಿನ್, ಅಂದರೆ ಶ್ರವಣ ಸಾಧನ, ಯಾವ ವಯಸ್ಸಿನಲ್ಲಿ ಹಾಕಿಸಿದರು, ಮಾತಿನ ಥೆರಪಿ ಬಿಡದೆ ನಡೀತಿದೆಯಾ, ಇದರ ಮೇಲೆಲ್ಲ ನಿಂತಿದೆ ಅದು. ಆದರೆ ‘ಮಾತು ಬರೋವರೆಗೂ ಇವನ ಜೊತೆ ನಾವು ಹೇಗೆ ಹರಟೋದು?’ ಅಂತ ಕೇಳುವ ಅಪ್ಪ ಅಮ್ಮ ಸಿಗುವುದು ಅಪರೂಪ.

ಹುಡುಗ ಅಲ್ಲೇ ಬಾಗಿಲ ಹತ್ತಿರ ಕೂತಿರುತ್ತಾನೆ. ನಮ್ಮೆಲ್ಲರ ಮುಖ ನೋಡುತ್ತಿರುತ್ತಾನೆ. ತನ್ನ ವಿಷಯವೇ ನಡೀತಿದೆ ಅಂತ ಅವನಿಗೆ ಚೆನ್ನಾಗಿ ಗೊತ್ತು. ಮನೆಯವರ ಜೊತೆ ಅವನಿಗೆ ಕೆಲವು ಸನ್ನೆಗಳಿವೆ. ಊಟ, ನೀರು, ಹಸು, ಅಪ್ಪ ಅಂದರೆ ಮೀಸೆ, ಅಮ್ಮ ಅಂದರೆ ಮೂಗುಬೊಟ್ಟು. ದಿನದ ಕೆಲಸಕ್ಕೆ ಸಾಕು. ಅಜ್ಜಿಯನ್ನು ಆಸ್ಪತ್ರೆಗೆ ಯಾಕೆ ಕರೆದುಕೊಂಡು ಹೋದರು, ಅವರು ಯಾಕೆ ವಾಪಸ್ ಬರಲಿಲ್ಲ ಅನ್ನುವುದನ್ನು ಆ ಸನ್ನೆಗಳಲ್ಲಿ ಹೇಳುವುದಕ್ಕೆ ಆಗುವುದಿಲ್ಲ.

ಈ ಹುಡುಗನಿಗೆ ಆರು ವರ್ಷ ತುಂಬುತ್ತದೆ. ಒಂದನೇ ಕ್ಲಾಸಿಗೆ ಸೇರಿಸುತ್ತಾರೆ. ಪಕ್ಕದಲ್ಲಿ ಕೂತ ಮಗು ಸಾವಿರಾರು ಪದಗಳನ್ನು ಮನೆಯಿಂದಲೇ ತಂದಿರುತ್ತದೆ. ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಅಡುಗೆಮನೆಯಲ್ಲಿ, ಜಗಲಿಯಲ್ಲಿ, ಬಸ್ಸಿನಲ್ಲಿ ಕಿವಿಗೆ ಬಿದ್ದಿದ್ದು. ಆ ಮಗುವಿಗೆ ‘ಅ’ ಅಂದರೆ ಅರಸ, ‘ಆ’ ಅಂದರೆ ಆನೆ ಅಂತ ಹೇಳಿದರೆ ಗೊತ್ತಿರುವ ಪದಕ್ಕೆ ಒಂದು ಗುರುತು ಸಿಕ್ಕಿತು, ಅಷ್ಟೇ. ನಮ್ಮ ಹುಡುಗನಿಗೆ ಪದವೇ ಗೊತ್ತಿಲ್ಲ. ಸೊಗಸಾಗಿ ಕಾಪಿ ಬರೆಯುತ್ತಾನೆ. ಕೈಬರಹ ನೋಡಿ ಟೀಚರ್ ಶಭಾಷ್ ಅನ್ನುತ್ತಾರೆ. ಐದನೇ ಕ್ಲಾಸಿನವರೆಗೂ ಹೀಗೇ ಕಾಪಿ ಮಾಡಿಕೊಂಡು ಬಂದ ಮಕ್ಕಳನ್ನು ನಾನು ನೋಡಿದ್ದೇನೆ. ನೋಟ್‌ಬುಕ್ ತುಂಬಾ ದುಂಡನೆ ಅಕ್ಷರ, ಒಂದು ಸಾಲಿನ ಅರ್ಥವೂ ಮಗುವಿಗೆ ಗೊತ್ತಿಲ್ಲ.

ಅದಕ್ಕೇ ನಾನು ಹೇಳುವುದು, ಓದು ಬರಹಕ್ಕೆ ಮುಂಚೆ ಮಗುವಿಗೆ ಹರಟೆ ಹೊಡೆಯುವುದಕ್ಕೆ, ಜಗಳ ಆಡುವುದಕ್ಕೆ, ಸುಳ್ಳು ಹೇಳುವುದಕ್ಕೆ ಒಂದು ಪೂರ್ತಿ ಭಾಷೆ ಬೇಕು. ಪೂರ್ತಿ ಕೇಳಿಸದ ಮಗುವಿಗೆ ಅದು ಸನ್ನೆ ಭಾಷೆಯಲ್ಲಿ ಸುಲಭವಾಗಿ ಸಿಗುತ್ತದೆ. ಕನ್ನಡವನ್ನು ಅದರ ಮೇಲೆ, ಎರಡನೇ ಭಾಷೆಯಾಗಿ, ಬರಹದ ಮೂಲಕ ಕಟ್ಟಬೇಕು. ದ್ವಿಭಾಷಾ ಪದ್ಧತಿ ಅನ್ನುವುದು ಇದನ್ನೇ. ಹೊಸದೇನಲ್ಲ. ಸ್ವೀಡನ್‌ನಲ್ಲಿ 1981ರಲ್ಲೇ ಅಲ್ಲಿಯ ಸಂಸತ್ತು ಕಿವುಡರು ಸನ್ನೆ ಭಾಷೆ, ಸ್ವೀಡಿಷ್ ಎರಡರಲ್ಲೂ ದ್ವಿಭಾಷಿಕರಾಗಿರಬೇಕು ಅಂತ ಒಪ್ಪಿಕೊಂಡಿತು.

ಮೈಸೂರು ಈ ವಿಷಯದಲ್ಲಿ ಪುಣ್ಯ ಮಾಡಿದ ಊರು. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ನಮ್ಮ ಬಾಯಲ್ಲಿ ‘ಸ್ಪೀಚ್ ಅಂಡ್ ಹಿಯರಿಂಗ್’. ಕಿವಿ ಪರೀಕ್ಷೆಯಿಂದ ಥೆರಪಿಯವರೆಗೆ ಎಲ್ಲ ಒಂದೇ ಕಡೆ. ಅಲ್ಲಿಯ ಪ್ರಿಸ್ಕೂಲಿನಲ್ಲಿ ಅಮ್ಮಂದಿರೂ ಮಕ್ಕಳ ಜೊತೆ ಕೂತು ಕಲಿಯುತ್ತಾರೆ. ಇದಕ್ಕೋಸ್ಕರ ದೂರದ ಊರುಗಳಿಂದ ಬಂದು ಬೋಗಾದಿ ಕಡೆ ರೂಮು ಹಿಡಿದು ಇರುವ ತಾಯಂದಿರಿದ್ದಾರೆ. ತಿಲಕ್ ನಗರದಲ್ಲಿ ಶತಮಾನ ದಾಟಿದ ಸರ್ಕಾರಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಇದೆ. ಮುಂದೆ ಡಿಪ್ಲೊಮಾ ಓದುವವರಿಗೆ ಜೆಎಸ್‌ಎಸ್‌ನವರ ವಿಶೇಷಚೇತನರ ಪಾಲಿಟೆಕ್ನಿಕ್ ಇದೆ. ಮಂಡ್ಯದ ಹಳ್ಳಿಯಿಂದ ಇದಕ್ಕೆಲ್ಲ ಬಸ್ಸಿನಲ್ಲಿ ಒಂದೆರಡು ಗಂಟೆ ದಾರಿ. ಆದರೂ ನಾಟಿ ಸಮಯದಲ್ಲಿ, ಕಬ್ಬು ಕಡಿಯುವ ಸಮಯದಲ್ಲಿ ವಾರಕ್ಕೊಮ್ಮೆ ಥೆರಪಿಗೆ ಹೋಗುವುದು ಅಂದರೆ ಆ ದಿನದ ಕೂಲಿ ಹೋದ ಹಾಗೆ. ನಾವು ಟೀಚರ್‌ಗಳು ‘ಪೋಷಕರಿಗೆ ಕಾಳಜಿ ಇಲ್ಲ’ ಅಂತ ರಿಪೋರ್ಟಿನಲ್ಲಿ ಸಲೀಸಾಗಿ ಬರೆದುಬಿಡುತ್ತೇವೆ. ಕೂಲಿ ಲೆಕ್ಕ ಯಾರೂ ಬರೆಯುವುದಿಲ್ಲ.

ಮಿಷಿನ್ ವಿಷಯಕ್ಕೆ ಬರುತ್ತೇನೆ. ಸನ್ನೆ ಪರವಾಗಿ ಮಾತಾಡುವವರೆಲ್ಲ ಮಿಷಿನ್ ವಿರೋಧಿಗಳು ಅಂತ ಒಂದು ತಪ್ಪು ತಿಳಿವಳಿಕೆ ಇದೆ. ನಾನಂತೂ ಬೆಳಿಗ್ಗೆ ಮೊದಲು ನೋಡುವುದೇ ಮಿಷಿನ್. ‘ಆ, ಊ, ಈ, ಶ್, ಸ್, ಮ್’, ಈ ಆರು ಶಬ್ದಗಳನ್ನು ಮಗುವಿನ ಹಿಂದೆ ನಿಂತು ಒಂದೊಂದಾಗಿ ಹೇಳುತ್ತೇನೆ. ಕೇಳಿಸಿದಾಗ ಮಗು ಒಂದು ಹುಣಸೆಬೀಜ ಡಬ್ಬಿಗೆ ಹಾಕಬೇಕು. ಲಿಂಗ್ ಪರೀಕ್ಷೆ ಅಂತಾರೆ ಇದಕ್ಕೆ. ಮಾತಿನಲ್ಲಿ ಬರುವ ದಪ್ಪ ದನಿಯಿಂದ ಸಣ್ಣ ದನಿಯವರೆಗೆ ಎಲ್ಲ ಈ ಆರರಲ್ಲಿ ಬಂದುಹೋಗುತ್ತವೆ. ನಿನ್ನೆವರೆಗೂ ‘ಸ್’ಗೆ ಬೀಜ ಹಾಕುತ್ತಿದ್ದವನು ಇವತ್ತು ಸುಮ್ನೆ ಕೂತರೆ ಏನೋ ಕೆಟ್ಟಿದೆ ಅಂತ ಅರ್ಥ. ಬ್ಯಾಟರಿ ಮುಗಿದಿರಬಹುದು. ಕಿವಿಯೊಳಗೆ ಕೂರುವ ಅಚ್ಚಿನಲ್ಲಿ, ಅಂದರೆ ಮೋಲ್ಡ್‌ನಲ್ಲಿ, ಗುಗ್ಗೆ ಕಟ್ಟಿರಬಹುದು. ಕಿವಿ ಬೆಳೆದು ಹಳೇ ಮೋಲ್ಡ್ ಸಡಿಲ ಆಗಿ ಕುಯ್ ಅಂತ ಸದ್ದು ಮಾಡುತ್ತಿರಬಹುದು. ಬ್ಯಾಟರಿಯ ಸ್ಟಿಕರ್ ಕಿತ್ತ ಮೇಲೆ ಒಂದು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಬೇಕು, ಅದು ಗಾಳಿಯಿಂದಲೇ ಕೆಲಸ ಮಾಡುವ ಬ್ಯಾಟರಿ. ಇದನ್ನು ಎಷ್ಟೋ ಮನೆಗಳಲ್ಲಿ ಯಾರೂ ಹೇಳಿಕೊಟ್ಟಿರುವುದೇ ಇಲ್ಲ.

ಮಿಷಿನ್‌ಗೂ ಒಂದು ಮಿತಿ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ ಎರಡೂ ಕಿವಿಯಲ್ಲಿ 70 ಡೆಸಿಬಲ್‌ನಷ್ಟು ಶ್ರವಣ ನಷ್ಟ ಇದ್ದರೆ ಕಿವುಡುತನ, 60ರಿಂದ 70ರ ಒಳಗಿದ್ದರೆ ಮಂದ ಶ್ರವಣ. ನಾವು ಎದುರುಬದುರು ಕೂತು ಮಾತಾಡುವ ದನಿ ಹೆಚ್ಚುಕಡಿಮೆ 60 ಡೆಸಿಬಲ್. ದೂರ ಎರಡು ಪಟ್ಟಾದ ಹಾಗೆಲ್ಲ ದನಿ 6 ಡೆಸಿಬಲ್‌ನಷ್ಟು ಇಳಿಯುತ್ತದೆ. ಟೀಚರ್ ಬೋರ್ಡ್ ಹತ್ತಿರ, ಮಗು ಮೂರನೇ ಸಾಲಿನಲ್ಲಿ. ಮೇಲೆ ಫ್ಯಾನು, ಮಳೆ ಬಂದರೆ ಶೀಟಿನ ಸದ್ದು, ಪಕ್ಕದ ರೂಮಿನಿಂದ ಮಗ್ಗಿ. ಮಿಷಿನ್ ಇದೆಲ್ಲವನ್ನೂ ಜೋರು ಮಾಡಿ ಒಟ್ಟಿಗೇ ಕಿವಿಗೆ ತುಂಬುತ್ತದೆ. ಆಪರೇಷನ್, ಅಂದರೆ ಕಿವಿಯ ಒಳಗೆ ಸಾಧನ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್, ಮಾಡಿಸಿದ ಮಕ್ಕಳಲ್ಲಿ ಕೆಲವರು ಚೆನ್ನಾಗಿ ಮಾತಾಡುತ್ತಾರೆ. ಚಿಕ್ಕ ವಯಸ್ಸಿನಲ್ಲೇ ಆಗಿರಬೇಕು, ಆಮೇಲೆ ಥೆರಪಿ ಬಿಡಬಾರದು. ವಿಕಲಚೇತನರಿಗೆ ಸಾಧನ ಸಲಕರಣೆ ಕೊಡಿಸುವ ಕೇಂದ್ರದ ಎಡಿಪ್ ಯೋಜನೆಯಲ್ಲಿ ಇದಕ್ಕೆ ನೆರವಿದೆ, ಹುಟ್ಟಿನಿಂದ ಕೇಳದ ಮಕ್ಕಳಿಗೆ ಐದು ವರ್ಷದ ಒಳಗೆ. ಅರ್ಹರಿದ್ದರೆ ಖಂಡಿತ ಮಾಡಿಸಿ. ಆದರೆ ಆಪರೇಷನ್‌ಗೆ ಕಾಯುವಾಗಲೂ, ಮಿಷಿನ್ ರಿಪೇರಿಗೆ ಹೋದಾಗಲೂ, ರಾತ್ರಿ ಅದನ್ನು ತೆಗೆದಿಟ್ಟ ಮೇಲೂ ಮಗು ಮಗುವೇ ಅಲ್ವಾ? ಅಷ್ಟು ಹೊತ್ತು ಅದರ ಜೊತೆ ಯಾವ ಭಾಷೆಯಲ್ಲಿ ಇರುತ್ತೀರಿ?

‘ಸನ್ನೆ ಕಲಿಸಿದರೆ ಮಾತು ಬರಲ್ಲ’ ಅನ್ನುವ ಭಯ ಎಲ್ಲ ಕಡೆ ಇದೆ. ಓದಿದವರಲ್ಲೇ ಜಾಸ್ತಿ. ಇದರ ಬೇರು ಹಳೆಯದು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಕರ ಸಮ್ಮೇಳನ ನಡೆಯಿತು. ಬಾಯಿಮಾತೇ ಮೇಲು, ಸನ್ನೆ ಬೇಡ ಅಂತ ನಿರ್ಣಯ ಮಾಡಿದರು. ಅಲ್ಲಿ ಸೇರಿದ್ದವರಲ್ಲಿ ಕಿವುಡರು ಇದ್ದದ್ದು ಬೆರಳೆಣಿಕೆಯಷ್ಟು. ಆ ನಿರ್ಣಯವನ್ನು ಅದೇ ಸರಣಿಯ ಸಮ್ಮೇಳನ ತಿರಸ್ಕರಿಸಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. ನಡುವೆ 130 ವರ್ಷ. ಅಷ್ಟರಲ್ಲಿ ಜಗತ್ತಿನ ಎಷ್ಟೋ ಶಾಲೆಗಳಲ್ಲಿ ಮಕ್ಕಳ ಕೈಗೆ ಏಟು ಬಿದ್ದಿದೆ.

ಅಪ್ಪ ಅಮ್ಮನೂ ಕಿವುಡರೇ ಆಗಿರುವ ಮನೆಯ ಮಗುವನ್ನು ನೋಡಿದರೆ ಈ ಭಯ ಹೋಗುತ್ತದೆ. ಕೇಳಿಸುವ ಮಗು ಬಾಯಲ್ಲಿ ‘ಬಬ ಮಮ’ ಅಂತ ತೊದಲುವ ವಯಸ್ಸಿನಲ್ಲೇ ಈ ಮಗು ಕೈಯಲ್ಲಿ ತೊದಲುತ್ತದೆ. ಇದನ್ನು 1991ರಲ್ಲಿ ಸಂಶೋಧಕರು ದಾಖಲಿಸಿದ್ದಾರೆ. ಭಾಷೆ ಸರಿಯಾದ ವಯಸ್ಸಿಗೆ ಬರುತ್ತದೆ. ಆದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕಿವುಡ ಮಕ್ಕಳು ಹುಟ್ಟುವುದು ಕೇಳಿಸುವ ಅಪ್ಪ ಅಮ್ಮನಿಗೆ. ಅವರಿಗೆ ಸನ್ನೆ ಗೊತ್ತಿಲ್ಲ, ಮಗುವಿಗೆ ಕನ್ನಡ ಕೇಳಿಸಲ್ಲ.

ತುಟಿ ನೋಡಿ ಕಲಿಯಲಿ ಅನ್ನುವವರಿಗೆ ಒಂದು ಸಣ್ಣ ಪರೀಕ್ಷೆ ಕೊಡುತ್ತೇನೆ. ಕನ್ನಡಿ ಮುಂದೆ ನಿಂತು ದನಿ ಹೊರಡಿಸದೆ ‘ಮರ’ ಅನ್ನಿ. ಆಮೇಲೆ ‘ಬರ’ ಅನ್ನಿ. ಆಮೇಲೆ ‘ಪರ’. ಮೂರೂ ಒಂದೇ. ‘ಪಾಪ’ ಮತ್ತು ‘ಮಾಮ’ ಕೂಡ ಅಷ್ಟೇ. ಕ, ಗ ಗಂಟಲ ಹತ್ತಿರ ಹುಟ್ಟುವ ಅಕ್ಷರಗಳು, ತುಟಿ ಅಲ್ಲಾಡುವುದೇ ಇಲ್ಲ. ಅಲ್ಪಪ್ರಾಣ ಮಹಾಪ್ರಾಣದ ಕಥೆ ಬಿಡಿ, ಅದು ನಮಗೇ ಕಷ್ಟ. ಇದರ ಮೇಲೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಅಮ್ಮ ಹೇಳುವುದು ‘ಓಯ್ತಾವ್ನೆ’. ಪುಸ್ತಕದಲ್ಲಿ ಇರುವುದು ‘ಹೋಗುತ್ತಿದ್ದಾನೆ’. ಕೇಳಿಸುವ ಮಗು ಎರಡನ್ನೂ ಕೇಳಿ ಕೇಳಿ ಒಂದೇ ಅಂತ ಮಾಡಿಕೊಳ್ಳುತ್ತದೆ. ತುಟಿ ನೋಡುವ ಮಗುವಿಗೆ ಅವೆರಡಕ್ಕೂ ಸಂಬಂಧವೇ ಕಾಣುವುದಿಲ್ಲ.

ಈಗ ಕಲಿಸುವ ಬಗ್ಗೆ. ನನಗೆ ಹೆಚ್ಚು ಇಷ್ಟವಾದ ಭಾಗ ಇದು, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಮಂಡ್ಯ ಅಂದಮೇಲೆ ಆಲೆಮನೆಗೆ ಬರಗಾಲವಿಲ್ಲ. ಶಾಲೆ ಹತ್ತಿರದ ಒಂದು ಆಲೆಮನೆಗೆ ಮಕ್ಕಳನ್ನು ಕರೆದುಕೊಂಡು ಹೋದೆ. ಕಿವುಡ ಮಕ್ಕಳ ಜೊತೆ ಉಳಿದ ಮಕ್ಕಳೂ ಬಂದರು. ಗಾಣಕ್ಕೆ ಕಬ್ಬು ಕೊಡುವುದು, ಹಾಲು ಇಳಿಯುವುದು, ಕೊಪ್ಪರಿಗೆ ಕೆಳಗೆ ಒಣಗಿದ ಕಬ್ಬಿನ ಸಿಪ್ಪೆ ಉರಿಯುವುದು, ಸುಣ್ಣ ಹಾಕಿದ ಮೇಲೆ ಮಡ್ಡಿ ಮೇಲೆ ಬರುವುದು, ಅದನ್ನು ತೆಗೆಯುವುದು, ಪಾಕ ಅಚ್ಚಿಗೆ ಸುರಿಯುವುದು. ಎಲ್ಲವನ್ನೂ ಫೋನಿನಲ್ಲಿ ಫೋಟೋ ತೆಗೆದೆವು. ಕೊನೆಗೆ ಆಲೆಮನೆಯ ಅಜ್ಜ ಒಬ್ಬೊಬ್ಬರಿಗೂ ಬಿಸಿ ಬೆಲ್ಲ ಕೊಟ್ಟರು. ಫೋಟೋಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ.

ಮಾರನೇ ದಿನ ಫೋಟೋಗಳನ್ನು ನೆಲದ ಮೇಲೆ ಹರಡಿ ಸುತ್ತ ಕೂತೆವು. ಮೊದಲು ಪೂರ್ತಿ ಕಥೆ ಸನ್ನೆಯಲ್ಲಿ. ಯಾರು ಬೇಕಾದರೂ ಹೇಳಬಹುದು, ತಿದ್ದುವ ಹಾಗಿಲ್ಲ, ಪೆನ್ಸಿಲ್ ಮುಟ್ಟುವ ಹಾಗಿಲ್ಲ. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ ಎದ್ದು ನಿಂತು ಇಡೀ ಆಲೆಮನೆಯನ್ನು ಮೈಯಲ್ಲೇ ತಂದ. ಅವನ ಎರಡು ಮುಷ್ಟಿ ಗಾಣದ ರೋಲರ್ ಆಯಿತು. ಹೊಗೆಗೆ ಕಣ್ಣು ಕಿರಿದು ಮಾಡಿದ. ಅಜ್ಜನ ಬಾಗಿದ ಬೆನ್ನು ಬಂತು. ಅಜ್ಜನ ಕಡೆಯಿಂದ ಹೊರಟ ಅಂಗೈ ಅವನ ಎದೆಯವರೆಗೂ ಬಂದು ನಿಂತಿತು. ಅಂದರೆ, ಅಜ್ಜ ನನಗೆ ಕೊಟ್ಟರು. ಆಮೇಲೆ ಅದೇ ಅಂಗೈ ಅವನ ಎದೆಯಿಂದ ಕೆಳಗೆ, ಪುಟ್ಟ ತಂಗಿಯ ಎತ್ತರಕ್ಕೆ ಹೋಯಿತು. ನಾನು ತಂಗಿಗೆ ಕೊಟ್ಟೆ.

ಆಮೇಲೆ ಬರೆಯಲು ಹೇಳಿದೆ. ಬರೆದ. ‘ನಾನು ಅಜ್ಜ ಬೆಲ್ಲ ಕೊಟ್ಟ.’

ಯಾರು ಯಾರಿಗೆ ಕೊಟ್ಟರು? ಹಾಳೆ ಮೇಲೆ ಗೊತ್ತಾಗಲ್ಲ. ಅವನಿಗೆ ಮಾತ್ರ ಚೆನ್ನಾಗಿ ಗೊತ್ತು, ಈಗ ತಾನೇ ಕೈಯಲ್ಲಿ ಹೇಳಿದ್ದಾನೆ. ಭಾರತೀಯ ಸನ್ನೆ ಭಾಷೆಯಲ್ಲಿ ‘ಕೊಡು’ ಅನ್ನುವ ಸನ್ನೆಗೆ ದಿಕ್ಕಿದೆ. ಕೊಡುವವನ ಕಡೆಯಿಂದ ಹೊರಟು ತೆಗೆದುಕೊಳ್ಳುವವನ ಕಡೆಗೆ ಸಾಗುತ್ತದೆ. ಕನ್ನಡ ಇದೇ ಕೆಲಸವನ್ನು ‘ಗೆ’ ಅನ್ನುವ ಒಂದು ಪುಟ್ಟ ಅಕ್ಷರದಲ್ಲಿ ಮಾಡುತ್ತದೆ. ಮಾತಾಡುವಾಗ ನಾವು ಅದನ್ನು ನುಂಗಿಯೇಬಿಡುತ್ತೇವೆ. ಮಿಷಿನ್‌ಗೂ ಅದು ಸಿಗುವುದಿಲ್ಲ, ತುಟಿಯಲ್ಲೂ ಕಾಣುವುದಿಲ್ಲ.

ಅದಕ್ಕೆ ನಾನು ಹಸಿರು ಕಾರ್ಡಿನಲ್ಲಿ ‘ಗೆ’ ಅಂತ ದೊಡ್ಡದಾಗಿ ಬರೆದು ಇಟ್ಟುಕೊಂಡಿದ್ದೇನೆ. ಹುಡುಗನಿಗೆ ಮತ್ತೆ ಸನ್ನೆ ಮಾಡಲು ಹೇಳಿದೆ. ಕೈ ಎಲ್ಲಿ ಬಂದು ನಿಂತಿತೋ ಅಲ್ಲಿ, ಅವನ ಎದೆ ಮೇಲೆ, ಹಸಿರು ಕಾರ್ಡ್ ಇಟ್ಟೆ. ‘ಅಜ್ಜ ನನಗೆ ಬೆಲ್ಲ ಕೊಟ್ಟರು.’ ಇನ್ನೊಂದು ಸಲ, ತಂಗಿಗೆ ಕೊಟ್ಟಿದ್ದು. ಕೈ ನಿಂತ ಕಡೆ ಕಾರ್ಡ್. ‘ನಾನು ತಂಗಿಗೆ ಬೆಲ್ಲ ಕೊಟ್ಟೆ.’ ಕಾರ್ಡ್ ತನ್ನ ಹತ್ತಿರದಿಂದ ತಂಗಿ ಹತ್ತಿರ ಹೋಗಿದ್ದು ನೋಡಿ ಅವನ ಹುಬ್ಬು ಮೇಲೇರಿತು. ಆಮೇಲೆ ಅವನೇ ಕಾರ್ಡ್ ಕಿತ್ತುಕೊಂಡು ಇಡೀ ಕ್ಲಾಸಿನಲ್ಲಿ ಓಡಾಡಿದ. ಪೆನ್ಸಿಲ್ ಅವಳಿಗೆ, ರಬ್ಬರ್ ಇವನಿಗೆ, ಏಟು ನನಗೆ. ‘ನಾನುಗೆ’ ಅಂತ ಬರೆಯುವುದು ನಿಲ್ಲಲು ಇನ್ನೂ ಬಹಳ ಕಾಲ ಹಿಡಿಯಿತು, ಅದು ಬೇರೆ ಮಾತು.

ಒಂದು ಆಲೆಮನೆಯಲ್ಲಿ ವಿಭಕ್ತಿ ಪಾಠವೆಲ್ಲ ಮುಗಿಯುತ್ತದೆ. ಕಬ್ಬಿನಿಂದ ಹಾಲು, ಹಾಲಿನಿಂದ ಬೆಲ್ಲ. ಕೊಪ್ಪರಿಗೆಯಲ್ಲಿ ಪಾಕ. ಒಂದು ಕೈಯನ್ನು ಬಟ್ಟಲು ಮಾಡಿ ಇನ್ನೊಂದನ್ನು ಅದರ ಒಳಗಿಟ್ಟರೆ ‘ಅಲ್ಲಿ’ ಬಂದುಬಿಟ್ಟಿತು. ಹುಡುಗರು ಬಾಯಿಪಾಠ ಮಾಡುವ ‘ಅನ್ನು, ಇಂದ, ಗೆ, ದೆಸೆಯಿಂದ’ ಪಟ್ಟಿಯಿಂದ ಯಾವ ಕಿವುಡ ಮಗುವೂ ಒಂದು ವಾಕ್ಯ ಬರೆದಿದ್ದನ್ನು ನಾನು ನೋಡಿಲ್ಲ. ಕೇಳಿಸುವ ಮಕ್ಕಳಿಗೂ ಆ ಪಟ್ಟಿ ಯಾಕೆ ಅಂತ ನನಗೆ ಅನುಮಾನ ಇದೆ.

ಎರಡು ಭಾಷೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಖುಷಿ ಕೊಡುವ ಇನ್ನೊಂದು ವಿಷಯ ಸಿಕ್ಕಿತು. ಸನ್ನೆ ಭಾಷೆಗೆ ಇಂಗ್ಲಿಷ್‌ಗಿಂತ ಕನ್ನಡ ಹತ್ತಿರ. ಎರಡರಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ. ‘ನಾನು ಮುದ್ದೆ ತಿನ್ನು’ ಅನ್ನುವ ಕ್ರಮ ಮಗುವಿನ ಕೈಯಲ್ಲಿ ಮೊದಲೇ ಇದೆ. ‘ಇಲ್ಲ’ ಎರಡರಲ್ಲೂ ಕೊನೆಗೆ. ‘ನಿನ್ನ ಹೆಸರು ಏನು’ ಅನ್ನುವುದನ್ನು ಪದಕ್ಕೆ ಪದ ಸನ್ನೆ ಮಾಡಬಹುದು. ‘ಬರ್ತೀಯಾ?’ ಅಂತ ನಾವು ಕೊನೆಗೆ ‘ಆ’ ಎಳೆಯುವ ಕಡೆ ಸನ್ನೆ ಮಾಡುವವರು ಹುಬ್ಬು ಏರಿಸುತ್ತಾರೆ. ಹುಬ್ಬು ಏರಿಸಿದ ಮುಖದ ಚಿತ್ರದ ಪಕ್ಕ ‘ಆ?’ ಅಂತ ಬರೆದು ಗೋಡೆಗೆ ಅಂಟಿಸಿದ್ದೇನೆ. ಒಂದೇ ವಾರದಲ್ಲಿ ಹಿಡಿದುಕೊಂಡರು. ಬೇರೆ ಆಗುವ ಕಡೆಯೂ ಇದೆ. ‘ನೀನು ಎಲ್ಲಿ ಹೋಗ್ತೀಯ’ ಅನ್ನುವುದು ಸನ್ನೆಯಲ್ಲಿ ‘ನೀನು ಹೋಗು ಎಲ್ಲಿ’ ಆಗುತ್ತದೆ. ಬಂದನು, ಬಂದಳು, ಬಂದಿತು ಅನ್ನುವ ವ್ಯತ್ಯಾಸ ಸನ್ನೆಯಲ್ಲಿ ಇಲ್ಲ. ಹಾಗಾಗಿ ‘ಅಮ್ಮ ಬಂದ’ ಅಂತ ಬರೆಯುತ್ತಾರೆ. ಇದನ್ನು ಕೆಂಪು ಇಂಕಿನಲ್ಲಿ ಹೊಡೆದು ಹಾಕಿದರೆ ಪ್ರಯೋಜನವಿಲ್ಲ. ಎರಡು ಭಾಷೆ ಎಲ್ಲಿ ಬೇರೆಯಾಗುತ್ತವೆ ಅಂತ ತೋರಿಸಿದರೆ ಒಂಬತ್ತು ಹತ್ತು ವರ್ಷದ ಮಕ್ಕಳಿಗೆ ಚೆನ್ನಾಗಿಯೇ ತಿಳಿಯುತ್ತದೆ. ಆದರೆ ಹಾಗೆ ತೋರಿಸಬೇಕಾದರೆ ಟೀಚರ್‌ಗೆ ಎರಡೂ ಬರಬೇಕು. ನಮ್ಮ ತರಬೇತಿಗಳಲ್ಲಿ ಸನ್ನೆಗೆ ಸಿಗುವ ಸಮಯ ತೀರಾ ಕಡಿಮೆ. ನಾನು ಸನ್ನೆ ಕಲಿತಿದ್ದು ಬಹುಪಾಲು ಕಿವುಡ ಗೆಳತಿಯರ ಜೊತೆ ಕೂತು.

ಹೊಸ ಪದ ಬಂದಾಗ ಸರಪಳಿ ಹಾಕುವುದು ಒಂದು ಉಪಾಯ. ‘ಕೊಪ್ಪರಿಗೆ’ ಅಂತಿಟ್ಟುಕೊಳ್ಳಿ. ಮೊದಲು ಸನ್ನೆ, ಆಮೇಲೆ ಫೋಟೋ, ಆಮೇಲೆ ಬೋರ್ಡಿನ ಮೇಲೆ ಬರೆದ ಪದ, ಆಮೇಲೆ ಮಗು ಅದನ್ನು ನನ್ನ ಅಂಗೈ ಮೇಲೆ ಬೆರಳಿನಲ್ಲಿ ಬರೆಯಬೇಕು, ಮತ್ತೆ ಸನ್ನೆ. ಕೇಳಿಸುವ ಮಕ್ಕಳಿಗೆ ಬಾಯಲ್ಲೂ ಹೇಳುತ್ತೇನೆ, ಸ್ವಲ್ಪ ಕೇಳಿಸುವವರಿಗೆ ಕಿವಿ ಹತ್ತಿರ. ಆದರೆ ಎರಡನ್ನೂ ಒಟ್ಟೊಟ್ಟಿಗೆ, ಬಾಯಲ್ಲಿ ಕನ್ನಡ ಕೈಯಲ್ಲಿ ಸನ್ನೆ, ಮಾಡುತ್ತಾ ಹೋದರೆ ಸನ್ನೆ ತುಂಡಾಗುತ್ತದೆ. ಅರ್ಧಂಬರ್ಧ ಸನ್ನೆ ನೋಡಿ ಮಗು ಅರ್ಧಂಬರ್ಧ ಅರ್ಥ ಮಾಡಿಕೊಳ್ಳುತ್ತದೆ. ಒಂದಾದ ಮೇಲೆ ಒಂದು ಹೇಳುವುದೇ ಒಳ್ಳೆಯದು.

ಅಂಗೈ ಬರಹ ಯಾಕೆ ಅಂದರೆ, ನಮ್ಮ ಸನ್ನೆ ಭಾಷೆಯ ಬೆರಳಕ್ಷರ ಇಂಗ್ಲಿಷಿನದು. ಎರಡೂ ಕೈ ಬಳಸಿ ಎ ಬಿ ಸಿ ಮಾಡುತ್ತಾರೆ, ಬ್ರಿಟಿಷರ ಕಾಲದ ಬಳುವಳಿ. ಕನ್ನಡದ ಕಾಗುಣಿತಕ್ಕೆ ಒತ್ತಕ್ಷರಕ್ಕೆ ಅದು ಒಗ್ಗುವುದಿಲ್ಲ. ಇದರಿಂದ ಒಂದು ವಿಚಿತ್ರ ಆಗಿದೆ. ಕನ್ನಡ ಮೀಡಿಯಂನ ಕಿವುಡ ಮಗು ತನ್ನ ಹೆಸರು ಹೇಳಬೇಕಾದರೂ ಇಂಗ್ಲಿಷ್ ಅಕ್ಷರ ಗೊತ್ತಿರಬೇಕು. 2016ರ ಅದೇ ಕಾಯ್ದೆಯಲ್ಲಿ ಎರಡನೇ, ಮೂರನೇ ಭಾಷೆಯಿಂದ ವಿನಾಯಿತಿ ಕೊಡಲು ಅವಕಾಶ ಇದೆ, ಪರೀಕ್ಷೆಗೆ ಹೆಚ್ಚಿನ ಸಮಯವೂ ಇದೆ. ಪರೀಕ್ಷೆ ಮಟ್ಟಿಗೆ ಅದು ನ್ಯಾಯವೇ. ಕೆಲವು ಕಡೆ ವಿನಾಯಿತಿ ಅಂದರೆ ಆ ಪೀರಿಯಡ್‌ನಲ್ಲಿ ಮಗುವನ್ನು ಹೊರಗೆ ಗಿಡಕ್ಕೆ ನೀರು ಹಾಕಲು ಕಳಿಸುವುದು ಅಂತಾಗಿದೆ. ಇಪ್ಪತ್ತಾರು ಅಕ್ಷರ ಮತ್ತು ಫೋನಿಗೆ, ಬಸ್ಸಿಗೆ, ಬ್ಯಾಂಕಿಗೆ ಬೇಕಾದಷ್ಟು ಇಂಗ್ಲಿಷ್ ಯಾವ ಕಿವುಡ ಮಗುವಿಗೂ ತಪ್ಪಿಸಬಾರದು.

ಸಾಮಾನ್ಯ ಶಾಲೆಯ ಟೀಚರ್‌ಗಳು ‘ನಮಗೆ ಸನ್ನೆ ಬರಲ್ಲ, ಏನು ಮಾಡೋದು’ ಅಂತಾರೆ. ಕಣ್ಣಿನ ಲೆಕ್ಕ ಇಟ್ಟುಕೊಳ್ಳಿ, ಅರ್ಧ ಕೆಲಸ ಆಗುತ್ತದೆ. ಕಿವುಡ ಮಗುವಿನ ಕಣ್ಣು ಒಂದು ಸಲಕ್ಕೆ ಒಂದೇ ಕಡೆ ಇರಲು ಸಾಧ್ಯ. ಬೋರ್ಡಿನ ಕಡೆ ತಿರುಗಿ ಬರೆಯುತ್ತಾ ಪಾಠ ಹೇಳಿದರೆ ಅಷ್ಟೂ ಹೋಯಿತು. ‘ಪುಟ 32 ನೋಡಿ’ ಅಂತ ಹೇಳಿ ಪಾಠ ಮುಂದುವರಿಸಿದರೆ, ಮಗು ಪುಟ ನೋಡಿ ತಲೆ ಎತ್ತುವಷ್ಟರಲ್ಲಿ ನೀವು ಎಲ್ಲೋ ಹೋಗಿರುತ್ತೀರಿ. ನೋಡಲು ಬಿಡಿ, ತಲೆ ಎತ್ತುವವರೆಗೂ ಕಾಯಿರಿ, ಆಮೇಲೆ ಮಾತಾಡಿ. ಕಿಟಕಿಗೆ ಬೆನ್ನು ಕೊಟ್ಟು ನಿಲ್ಲಬೇಡಿ, ಬೆಳಕಿಗೆ ನಿಮ್ಮ ಮುಖ ಕಪ್ಪಾಗಿ ಕಾಣುತ್ತದೆ. ಬೇರೆ ಮಗು ಉತ್ತರ ಹೇಳುವಾಗ ಯಾರು ಹೇಳುತ್ತಿದ್ದಾರೆ ಅಂತ ಕೈ ತೋರಿಸಿ. ಸಾಲು ಬೆಂಚು ತೆಗೆದು ಅರ್ಧ ವೃತ್ತ ಮಾಡಿದರೆ ಎಲ್ಲರ ಮುಖ ಎಲ್ಲರಿಗೂ ಕಾಣುತ್ತದೆ.

ಒಂದರಿಂದ ಮೂರನೇ ಕ್ಲಾಸಿನವರೆಗೆ ನಲಿಕಲಿ, ಅಂದರೆ ಆಟದ ಜೊತೆ ಕಲಿಸುವ ಪದ್ಧತಿ, ಇರುವ ಕಡೆ ಇದು ಆಗಲೇ ಇದೆ. ನಲಿಕಲಿ 1995ರ ಸುಮಾರಿಗೆ ನಮ್ಮ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿದ್ದು. ಅದನ್ನು ಕಿವುಡ ಮಕ್ಕಳಿಗಾಗಿ ಮಾಡಿದ್ದಲ್ಲ. ಆದರೆ ಚಿತ್ರದ ಕಾರ್ಡು, ನೆಲದ ಮೇಲೆ ಗುಂಪಾಗಿ ಕೂರುವುದು, ತನ್ನ ವೇಗದಲ್ಲಿ ಮೆಟ್ಟಿಲು ಹತ್ತುವುದು, ಮಕ್ಕಳ ಎತ್ತರಕ್ಕೇ ಇರುವ ಕಪ್ಪು ಹಲಗೆ, ಇವೆಲ್ಲ ಕಿವುಡ ಮಗುವಿಗೆ ಹೇಳಿ ಮಾಡಿಸಿದ ಹಾಗಿವೆ. ಹಾಡು ಬಂದಾಗ ಮಾತ್ರ ಮಗು ಸುಮ್ನೆ ಸುತ್ತ ನೋಡುತ್ತದೆ. ಆ ಹಾಡನ್ನು ಎಲ್ಲ ಮಕ್ಕಳೂ ಸನ್ನೆಯಲ್ಲೇ ಮಾಡುವ ಒಂದು ಶಾಲೆ ಪಾಂಡವಪುರದ ಕಡೆ ಇದೆ. ಟೀಚರ್ ಹೇಳಿಕೊಟ್ಟಿದ್ದಲ್ಲ, ಮಕ್ಕಳೇ ಕಟ್ಟಿಕೊಂಡಿದ್ದು. ಆರು ವರ್ಷದ ಮಕ್ಕಳಿಗೆ ಸನ್ನೆ ಬರುವಷ್ಟು ಬೇಗ ನಮಗ್ಯಾರಿಗೂ ಬರುವುದಿಲ್ಲ.

ಸಾಮಗ್ರಿ ಎಲ್ಲಿ ಸಿಗುತ್ತೆ ಅಂತ ತುಂಬಾ ಜನ ಕೇಳುತ್ತಾರೆ. ಮೊದಲಿನ ಹಾಗೆ ಈಗ ಇಲ್ಲ. ದೆಹಲಿಯಲ್ಲಿ 2015ರಲ್ಲಿ ಭಾರತೀಯ ಸನ್ನೆ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುವಾಯಿತು. ಅವರ ವಿಡಿಯೋ ನಿಘಂಟು 2018ರಲ್ಲಿ 3,000 ಪದಗಳಿಂದ ಹೊರಟು 2021ಕ್ಕೆ 10,000 ಮುಟ್ಟಿತು. ಫೋನಿನಲ್ಲೇ ನೋಡಬಹುದು. ನಾನು ಇಂಗ್ಲಿಷ್ ಪದ ಹಾಕಿ ಹುಡುಕುತ್ತೇನೆ. ಎನ್‌ಸಿಇಆರ್‌ಟಿ ಪಠ್ಯಗಳನ್ನು ಸನ್ನೆ ಭಾಷೆಗೆ ತರಲು 2020ರಲ್ಲಿ ಒಪ್ಪಂದ ಆಯಿತು. ಶಾಲೆ ಪಾಠಗಳನ್ನು ಟಿವಿಯಲ್ಲಿ ಕೊಡುವ ಕೇಂದ್ರದ ಪಿಎಂ ಇ-ವಿದ್ಯಾದ 31ನೇ ಚಾನೆಲ್ 2024ರ ಡಿಸೆಂಬರ್‌ನಿಂದ ಪೂರ್ತಿ ಸನ್ನೆ ಭಾಷೆಗೇ ಮೀಸಲು. ಡಿಟಿಎಚ್ ಇರುವ ಮನೆಗಳಿಗೆ ನಾನು ಮೊದಲು ಹೇಳುವುದು ಇದನ್ನೇ. ಧಾರಾವಾಹಿ ನಡುವೆ ಅರ್ಧ ಗಂಟೆ ಮಗುವಿಗೆ ಬಿಡಿ, ನೀವೂ ಪಕ್ಕದಲ್ಲಿ ಕೂತು ನೋಡಿ.

ಆದರೆ ದೆಹಲಿಯಿಂದ ಬಂದ ವಿಡಿಯೋದ ಹಿಂದೆ ಕನ್ನಡದ ಹಾಳೆ ಬರುವುದಿಲ್ಲ. ಅದನ್ನು ಕಟ್ಟಬೇಕಾದವರು ನಾವು. ಆಲೆಮನೆಗೆ, ರಾಗಿ ಮುದ್ದೆಗೆ, ಕಾವೇರಿ ನಾಲೆಗೆ ಇಲ್ಲಿಯ ಕಿವುಡರು ಬಳಸುವ ಸನ್ನೆಗಳಿವೆ. ಎರಡು ಅಂಗೈ ನಡುವೆ ಉಂಡೆ ಕಟ್ಟಿ ತಿರುಗಿಸಿದರೆ ಮಂಡ್ಯದ ಯಾವ ಹುಡುಗನಿಗೂ ಮುದ್ದೆ ಅಂತ ಗೊತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ದೇಶಕ್ಕೆಲ್ಲ ಒಂದು ಪ್ರಮಾಣಿತ ಸನ್ನೆ ಭಾಷೆ ಬೇಕು ಅನ್ನುವ ಜೊತೆಗೇ ಸ್ಥಳೀಯ ಸನ್ನೆಗಳನ್ನೂ ಗೌರವಿಸಬೇಕು, ಸಾಧ್ಯವಾದ ಕಡೆ ಕಲಿಸಬೇಕು ಅಂತ ಹೇಳಿದೆ. ಮೊದಲನೇ ಅರ್ಧ ಎಲ್ಲರಿಗೂ ನೆನಪಿದೆ.

ಬರವಣಿಗೆಗೆ ನನ್ನ ಕೈ ಹಿಡಿದಿದ್ದು ವಾಟ್ಸಾಪ್. ಏಳನೇ ಎಂಟನೇ ಕ್ಲಾಸಿನ ಮಕ್ಕಳು ಅಪ್ಪ ಅಥವಾ ಅಕ್ಕನ ಫೋನಿನಿಂದ ಸಂಜೆ ನನಗೆ ಒಂದು ಸಾಲು ಬರೆಯುತ್ತಾರೆ. ‘ಮಳೆ ಬಂತು ಶಾಲೆ ಇಲ್ಲ ಖುಷಿ.’ ನಾನು ತಿದ್ದುವುದಿಲ್ಲ. ಉತ್ತರದಲ್ಲಿ ಸರಿಯಾದ ರೂಪ ಬರುವ ಹಾಗೆ ನೋಡಿಕೊಳ್ಳುತ್ತೇನೆ. ‘ಹೌದಾ? ಮಳೆ ಬಂದಿದ್ದರಿಂದ ಶಾಲೆ ಇರಲಿಲ್ಲವಾ? ಮನೆಯಲ್ಲಿ ಏನು ಮಾಡಿದೆ?’ ಒಬ್ಬಳು ಎಷ್ಟೋ ದಿನಗಳ ನಂತರ ‘ಜ್ವರ ಬಂದಿದ್ದರಿಂದ ಶಾಲೆಗೆ ಬರಲ್ಲ’ ಅಂತ ಕಳಿಸಿದಳು. ಆ ‘ಬಂದಿದ್ದರಿಂದ’ ನೋಡಿ ನಾನು ಕುಣಿದೆ. ಜ್ವರ ಸುಳ್ಳಂತೆ, ಆಮೇಲೆ ಗೊತ್ತಾಯಿತು. ಹಬ್ಬಕ್ಕೆ ಅಜ್ಜಿ ಮನೆಗೆ ಹೋಗಿದ್ದಳು.

ಇಷ್ಟೆಲ್ಲ ಇದ್ದರೂ ಮಕ್ಕಳಿಗೆ ನಿಜವಾಗಿ ಸನ್ನೆ ಬರುವುದು ಸನ್ನೆಯಲ್ಲೇ ಬದುಕುವ ದೊಡ್ಡವರ ಜೊತೆ ಇದ್ದಾಗ. ಆ್ಯಪ್‌ನಲ್ಲಿ ಪದ ಸಿಗುತ್ತದೆ, ಜೋಕ್ ಸಿಗುವುದಿಲ್ಲ. ಮೈಸೂರಿನಲ್ಲಿ ಡಿಪ್ಲೊಮಾ ಮುಗಿಸಿ ಕೆಲಸದಲ್ಲಿರುವ ಕಿವುಡ ಯುವಕ ಒಬ್ಬರು ಈಗ ಕೆಲವು ಶನಿವಾರ ನನ್ನ ಜೊತೆ ಬರುತ್ತಾರೆ. ಅವರು ಕ್ಲಾಸಿಗೆ ಬಂದರೆ ನಾನು ಮೂಲೆಯಲ್ಲಿ ಕೂರುತ್ತೇನೆ. ಮೊದಲ ಸಲ ಬಂದಾಗ ಒಬ್ಬ ಹುಡುಗಿ ಅವರ ಕಿವಿಯ ಹಿಂದೆ ಮಿಷಿನ್ ಇದೆಯಾ ಅಂತ ಇಣುಕಿ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು ಕೇಳಿದಳು, ‘ದೊಡ್ಡವರಾದರೂ ಕಿವುಡರಾ?’ ಅವಳು ಅದುವರೆಗೂ ದೊಡ್ಡವರಾದ ಕಿವುಡರನ್ನು ನೋಡಿಯೇ ಇರಲಿಲ್ಲ. ದೊಡ್ಡವಳಾದ ಮೇಲೆ ತನಗೂ ಕೇಳಿಸುತ್ತೆ ಅಂದುಕೊಂಡಿದ್ದಳು.

ಅವರು ಆ ಮಕ್ಕಳ ಅಮ್ಮಂದಿರಿಗೂ ವಾರಕ್ಕೆ ಹತ್ತು ಸನ್ನೆ ಕಲಿಸುತ್ತಿದ್ದಾರೆ. ಸೌದೆ, ಸೀಮೆಹಸು, ಸಂಘದ ಸಾಲ, ಅತ್ತೆ, ಕೋಪ. ಪಟ್ಟಿ ಅಮ್ಮಂದಿರದ್ದೇ. ‘ಕೋಪ’ ಮೊದಲ ವಾರವೇ ಬೇಕು ಅಂತ ಹಟ ಹಿಡಿದರು. ಕಲಿಸಲು ಬರುವ ಆ ಯುವಕನ ಬಸ್ ಚಾರ್ಜ್‌ಗೆ ಯಾವುದಾದರೂ ಲೆಕ್ಕದಲ್ಲಿ ದುಡ್ಡು ಕೊಡಿಸಿ ಅಂತ ಒಂದು ಕಚೇರಿಗೆ ಅರ್ಜಿ ಕೊಟ್ಟಿದ್ದೇನೆ. ಸ್ಪೀಚ್ ಥೆರಪಿಗೆ ಆದರೆ ಹೆಡ್ ಇದೆ, ಇದಕ್ಕೆ ಯಾವ ಹೆಡ್ ಹಾಕೋದು ಅಂತ ಕಚೇರಿಯವರು ಕೇಳಿದರು. ‘ಭಾಷೆ’ ಅಂತ ಹಾಕಿ ಅಂದೆ. ಫೈಲು ಇನ್ನೂ ಅಲ್ಲೇ ಇದೆ. ಸದ್ಯಕ್ಕೆ ಚಾರ್ಜನ್ನು ನಾನೂ ಇಬ್ಬರು ಅಮ್ಮಂದಿರೂ ಹಂಚಿಕೊಂಡು ಕೊಡುತ್ತಿದ್ದೇವೆ.